ಎರಡು ಮೀಟರ್ ಖಾಲಿ ಜಾಗ

ಸಾಲಿಗ್ರಾಮ
3 ಆಗಸ್ಟ್ 2024

ಶ್ರಾವ್ಯಳಿಗೆ,

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ನಿನ್ನ ತಮ್ಮ ಗೌರೀಶನಿಂದ ಆಗಾಗ ತಿಳಿಯುತ್ತದೆ. ಅವನು ನಿನ್ನ ಹತ್ತಿರ ಫೋನಿನಲ್ಲಿ ಮಾತಾಡುವುದು ನನಗೆ ಗೊತ್ತಿಲ್ಲ ಎಂದೇ ಅವನ ನಂಬಿಕೆ. ಕಿವಿ ಕೇಳದವನಿಗೆ ಕಣ್ಣೂ ಕಾಣುವುದಿಲ್ಲ ಎಂದು ಈ ಮನೆಯಲ್ಲಿ ಎಲ್ಲರೂ ತಿಳಿದ ಹಾಗಿದೆ.

ಕಿವಿ ಈಗ ಪೂರ್ತಿ ಕೈಕೊಟ್ಟಿದೆ. ಬ್ರಹ್ಮಾವರದ ಡಾಕ್ಟರು ಒಂದು ಯಂತ್ರ ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡು ಗರ್ಭಗುಡಿಯಲ್ಲಿ ಗಂಟೆ ಬಾರಿಸಿದರೆ ತಲೆಯೊಳಗೆ ಸಿಡಿಲು ಹೊಡೆದಂತಾಗುತ್ತದೆ. ತೆಗೆದಿಟ್ಟಿದ್ದೇನೆ. ಹಾಗಾಗಿ ಫೋನು ನನಗಲ್ಲ, ಕಾಗದವೇ ಸೈ.

ವಿಷಯ ಇಷ್ಟು. ಗೌರೀಶ ಹೋದ ತಿಂಗಳು ಬ್ರಹ್ಮಾವರದಲ್ಲಿ ಯಾರೋ ಗೆಳೆಯನ ಮನೆಯಲ್ಲಿ ಕಣ್ಣಿಗೆ ಒಂದು ಪೆಟ್ಟಿಗೆ ಕಟ್ಟಿಕೊಂಡು ಕಂಪ್ಯೂಟರಿನ ಆಟ ಆಡಿ ಬಂದ. ವಿಆರ್ ಅಂತೆ. ಹಿಮದ ಬೆಟ್ಟ ಹತ್ತಿದನಂತೆ, ವಿಮಾನ ಬಿಟ್ಟನಂತೆ. ಬಂದ ಮೇಲೆ ಊಟಕ್ಕೆ ಕೂತರೂ ಒಮ್ಮೆ ಮೇಲೆ ನೋಡುತ್ತಾನೆ, ಒಮ್ಮೆ ಹಿಂದೆ ನೋಡುತ್ತಾನೆ. "ಎಂತ ಮಗಾ, ಮಾಡಿನ ಹಂಚಲ್ಲಿ ಹಲ್ಲಿ ಇತ್ತಾ?" ಎಂದು ನಿನ್ನ ಅಮ್ಮ ಕೇಳಿದಳು. (ಅವಳ ತುಟಿ ನೋಡಿದರೆ ನನಗೆ ಮಾತು ತಿಳಿಯುತ್ತದೆ. ಬೈಯುವಾಗಂತೂ ಇನ್ನೂ ಸ್ಪಷ್ಟ.)

ಅದನ್ನು ಮನೆಗೆ ತರಬೇಕು ಎಂದು ಹಟ. ಅವನ ಲೆಕ್ಕದಲ್ಲಿ ಪೆಟ್ಟಿಗೆಯ ದುಡ್ಡು ಕೊಟ್ಟರೆ ಮುಗಿಯಿತು. ಅವನು ರಜೆಯಲ್ಲಿ ಪೂಜೆಗೆ ಸಹಾಯ ಮಾಡಿ ಕೂಡಿಸಿಟ್ಟ ದಕ್ಷಿಣೆ ಅದಕ್ಕೆ ಸಾಕಂತೆ. ಕುಂದಾಪುರದ ಅಂಗಡಿಯವನನ್ನು ಕೇಳಿದರೆ ಅವನ ಲೆಕ್ಕ ಅದರ ನಾಲ್ಕು ಪಟ್ಟು. ಇಬ್ಬರ ನಡುವೆ ಸತ್ಯ ಎಲ್ಲಿದೆ ಎಂದು ನನಗೆ ತಿಳಿಯುತ್ತಿಲ್ಲ. ಕಂಪ್ಯೂಟರ್ ಗೊತ್ತಿರಬೇಕು, ನನಗೆ ಸುಳ್ಳು ಹೇಳಬಾರದು, ಅಂಥವರು ಯಾರು ಎಂದು ಯೋಚಿಸಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಮನೆಯಲ್ಲಿ ಈಗ ಇರುವುದು ಇವನೊಬ್ಬ. ಆ ಮಾತು ಮೊದಲಿನ ಹಾಗೆ ಬಾಯಿಗೆ ಬರುವುದಿಲ್ಲ.

ಶಾಮರಾಯ


ಉಪ್ಪುಂದ
14 ಆಗಸ್ಟ್ 2024

ಅಪ್ಪಯ್ಯನಿಗೆ ನಮಸ್ಕಾರ.

ಅನೂಪನನ್ನು ಮದುವೆಯಾಗಿ ಈ ಮನೆಗೆ ಬಂದು ಎರಡು ವರ್ಷವಾಯಿತು. ನಿಮ್ಮಿಂದ ಬಂದ ಮೊದಲ ಕಾಗದ ಇದು. ಅಂಚೆಯವರು ಬಂದಾಗ ಅತ್ತೆ ಪೇಟೆಯಿಂದ ಬಂದು ಮೀನಿನ ಬುಟ್ಟಿ ತೊಳೆಯುತ್ತಿದ್ದರು. ನನ್ನ ಕೈಯಲ್ಲಿ ಕಾಗದ ಕಂಡು, "ಹ್ವಾಯ್, ನಿನ್ನ ಅಪ್ಪಯ್ಯಂದಾ? ಎಂತ ಬರ್ದಿರ್? ಓದ್ ಕಾಂಬ" ಎಂದರು. ಓದಿದೆ.

"ಎರ್ಡ್ ವರ್ಷ ಬಿಟ್ಟ್ ಕಂಪ್ಯೂಟರ್ ರೇಟ್ ಕೇಂಬುಕೆ ಬರ್ದ್ರಾ! ಚಂದ ಇತ್ತ್ ಕಾಣ್!" ಎಂದು ಬುಟ್ಟಿ ಕೆಳಗಿಟ್ಟು ನಕ್ಕರು. ಮತ್ತೆ ಬುಟ್ಟಿ ಕೈಗೆತ್ತಿಕೊಂಡು, "ಸಮಾ ಮಾಡಿ ಉತ್ರ ಬರಿ. ಒಂದೂ ಬಿಡ್ಬೇಡ" ಎಂದರು. ಹಾಗಾಗಿ ಒಂದೂ ಬಿಡದೆ ಬರೆಯುತ್ತೇನೆ.

ಗೌರೀಶ ಹೇಳಿದ್ದೂ ಸುಳ್ಳಲ್ಲ, ಅಂಗಡಿಯವನದ್ದೂ ಪೂರ್ತಿ ಸುಳ್ಳಲ್ಲ. ಕಣ್ಣಿಗೆ ಕಟ್ಟುವ ಹೆಡ್‌ಸೆಟ್ ಬಲೆ ಇದ್ದ ಹಾಗೆ. ಅದಕ್ಕೆ ಮೂವತ್ತೈದು ಸಾವಿರ. ಆದರೆ ಬಲೆಯೊಂದನ್ನೇ ತಂದು ಅಂಗಳದಲ್ಲಿ ಹರಡಿದರೆ ಏನು ಸಿಕ್ಕೀತು? ದೋಣಿ ಬೇಕು, ಇಂಜಿನ್ ಬೇಕು, ಎಣ್ಣೆ ಬೇಕು, ಐಸ್ ಬೇಕು. ಇಲ್ಲಿ ದೋಣಿ ಎಂದರೆ ಕಂಪ್ಯೂಟರ್. ಅಲ್ಲಿರುವ ನನ್ನ ಹಳೆಯದು ಸಾಲದು. ಬಲಗಣ್ಣಿಗೊಂದು ಎಡಗಣ್ಣಿಗೊಂದು ಚಿತ್ರವನ್ನು ಅದು ಸೆಕೆಂಡಿಗೆ ತೊಂಬತ್ತು ಸಲ ಬರೆಯಬೇಕು. ಆ ಕೆಲಸ ಮಾಡುವ ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಹೆಡ್‌ಸೆಟ್‌ನಷ್ಟು ಬೆಲೆ. ಅದನ್ನು ಹೊರುವ ಕಂಪ್ಯೂಟರ್ ಬೇರೆ. ನಮ್ಮ ಊರಿನ ಕರೆಂಟಿಗೆ ಯುಪಿಎಸ್ ಇಲ್ಲದಿದ್ದರೆ ಮೊದಲ ಗುಡುಗಿಗೇ ಎಲ್ಲ ಮುಗಿಯಿತು. ಉದ್ದದ ಒಳ್ಳೆಯ ಕೇಬಲ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಅದನ್ನೂ ಕೊಳ್ಳಬೇಕು. ಆಟಗಳಿಗೆ ಮತ್ತೆ ದುಡ್ಡು. ಒಟ್ಟು ಒಂದೂಕಾಲು ಲಕ್ಷ ದಾಟುತ್ತದೆ. ಬೈಂದೂರಿನ ನಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ಅನೂಪನೇ ಜೋಡಿಸಿದರೆ, ಕಾರ್ಡ್ ಸೆಕೆಂಡ್ ಹ್ಯಾಂಡ್ ಹಾಕಿದರೆ, ಲಕ್ಷದೊಳಗೆ ಮುಗಿದೀತು. ಅದು ನಿಮ್ಮ ಇಷ್ಟ.

ದುಡ್ಡಿನದಲ್ಲದ ಖರ್ಚೂ ಇದೆ. ಮೊದಲ ವಾರ ತಲೆ ಸುತ್ತು, ವಾಂತಿ. ಮೊದಲ ಸಲ ದೋಣಿ ಹತ್ತಿದವರ ಪಾಡು. ನಾನು ಎರಡೂ ನೋಡಿದ್ದೇನೆ, ವ್ಯತ್ಯಾಸವಿಲ್ಲ.

ಇನ್ನೊಂದು, ಜಾಗ. ಇದನ್ನು ಅಂಗಡಿಯವರು ಚೀಟಿಯಲ್ಲಿ ಬರೆಯುವುದಿಲ್ಲ. ಕಣ್ಣು ಕಟ್ಟಿಕೊಂಡವರು ಕೈ ಬೀಸುತ್ತಾರೆ, ಹೆಜ್ಜೆ ಇಡುತ್ತಾರೆ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಪೂರ್ತಿ ಖಾಲಿ ಇರಬೇಕು. ಒಂದು ಮಣೆಯೂ ಇರಬಾರದು. ಅಷ್ಟು ಜಾಗ ನಮ್ಮ ಮನೆಯಲ್ಲಿ ಎಲ್ಲಿದೆ ಎಂದು ಯೋಚಿಸಿ ಆಮೇಲೆ ದುಡ್ಡು ಕೊಡಿ.

'ನಮ್ಮ ಮನೆ' ಎಂದು ಕೈ ತಾನಾಗಿ ಬರೆಯಿತು. ಹೊಡೆದು ಹಾಕಿಲ್ಲ.

ಅಮ್ಮನ ಮಂಡಿ ಹೇಗಿದೆ? ನೀವು ಬರೆಯಲಿಲ್ಲ.

ಶ್ರಾವ್ಯ


ಸಾಲಿಗ್ರಾಮ
1 ಸೆಪ್ಟೆಂಬರ್ 2024

ಶ್ರಾವ್ಯಳಿಗೆ,

ಕಾಗದ ಸಿಕ್ಕಿತು. ಅಮ್ಮನ ಮಂಡಿ ಮಳೆಗಾಲದಲ್ಲಿ ಹೇಗಿರುತ್ತದೋ ಹಾಗಿದೆ. ಒಂದೂ ಬಿಡಬೇಡ ಎಂದ ನಿನ್ನ ಅತ್ತೆಯವರು ಲೋಕ ಕಂಡವರು. ನಿನ್ನ ಕಾಗದವನ್ನು ಗೌರೀಶನ ಮುಂದೆ ಓದಿದೆ. 'ವಾಂತಿ' ಎಂಬಲ್ಲಿ ಮುಖ ಸಣ್ಣದಾಯಿತು, 'ಅನೂಪನೇ ಜೋಡಿಸಿದರೆ' ಎಂಬಲ್ಲಿ ಮತ್ತೆ ಅರಳಿತು. ಅಕ್ಕ ಹೇಳಿದ ದಾರಿಯೇ ಸರಿ ಎಂದ. ಅವನ ದಕ್ಷಿಣೆಗೆ ನಾನು ಒಂದಿಷ್ಟು ಸೇರಿಸುತ್ತೇನೆ. ಅಲ್ಲಿಗೆ ಅದೊಂದು ಮುಗಿಯಿತು.

ಉಳಿದದ್ದು ಜಾಗ. ಟೇಪು ಹಿಡಿದು ಮನೆಯಿಡೀ ಅಳೆದೆ. ಚಾವಡಿಯಲ್ಲಿ ಜಾತಕ ಹಿಡಿದುಕೊಂಡು ಬರುವವರು ಕೂರಬೇಕು. ಅವರೆದುರು ಇವನು ಕಣ್ಣು ಕಟ್ಟಿಕೊಂಡು ಕೈ ಬೀಸಿದರೆ ಇವನ ಜಾತಕವನ್ನೇ ಮೊದಲು ನೋಡಿ ಎಂದಾರು. ಪಡಸಾಲೆಯಲ್ಲಿ ನೈವೇದ್ಯದ ಅಕ್ಕಿ, ದೇವಸ್ಥಾನದ ಕೊಪ್ಪರಿಗೆ. ಅಟ್ಟದಲ್ಲಿ ನಿಂತರೆ ತಲೆ ಜಂತಿಗೆ ತಾಗುತ್ತದೆ. ಕೊಟ್ಟಿಗೆಯಲ್ಲಿ ದನವಿಲ್ಲ, ಆದರೆ ಸೋರುತ್ತದೆ.

ಪಶ್ಚಿಮದ ಕೋಣೆ ಒಂದಿದೆ. ಗೋಡೆಯಿಂದ ಗೋಡೆಗೆ ಅಳತೆ ಸರಿಯಾಗುತ್ತದೆ. ಆದರೆ ಅದರಲ್ಲಿ ಸಾಮಾನು ಇದೆ.

ಒಂದು ಕೇಳುತ್ತೇನೆ. ನಮ್ಮ ಗರ್ಭಗುಡಿ ಒಳಗೆ ಐದು ಅಡಿಯೂ ಇಲ್ಲ. ಮೂವತ್ತೈದು ವರ್ಷದಿಂದ ಅಷ್ಟರಲ್ಲೇ ಅಭಿಷೇಕ, ಅಲಂಕಾರ, ಆರತಿ ಎಲ್ಲ ಮಾಡಿದ್ದೇನೆ. ಮೊಣಕೈ ಒಮ್ಮೆಯೂ ಗೋಡೆಗೆ ತಾಗಿಲ್ಲ. ಎರಡು ಮೀಟರನ್ನು ಒಂದೂವರೆ ಮಾಡಲು ಬರುತ್ತದೋ? ಒಂದೂವರೆಯಾದರೆ ಸಾಮಾನನ್ನು ಅಲ್ಲೇ ಒಂದು ಬದಿಗೆ ಸರಿಸಿ ಇಡಬಹುದು.

ಶಾಮರಾಯ


ಉಪ್ಪುಂದ
9 ಸೆಪ್ಟೆಂಬರ್ 2024

ಅಪ್ಪಯ್ಯ,

ಒಂದೂವರೆ ಸಾಲದು. ಗೌರೀಶನ ಕೈ ನಿಮ್ಮ ಕೈಯ ಹಾಗೆ ಪಳಗಿದ್ದಲ್ಲ. ಮೊದಲ ದಿನವೇ ಬೆರಳು ಮುರಿದುಕೊಳ್ಳುತ್ತಾನೆ.

'ಸಾಮಾನು ಇದೆ' ಎಂದು ಬರೆದಿದ್ದೀರಿ. ಅದು ನನ್ನ ಕೋಣೆ, ಅಲ್ಲಿರುವುದು ನನ್ನ ಮಂಚ ಎಂದು ನೇರ ಬರೆಯಬಹುದಿತ್ತು.

ನಾನು ಬಂದು ಆ ಮಂಚದಲ್ಲಿ ಮಲಗುವುದು ಇದೆ ಎಂದಾದರೆ ಅದನ್ನು ತೆಗೆಯಬೇಡಿ, ಇರಲಿ ಎಂದು ನಾನೇ ಹೇಳುತ್ತೇನೆ. ಬರುವುದು ಇದೆಯೋ ಇಲ್ಲವೋ ಎಂಬುದನ್ನು ನಾನು ಹೇಳಲು ಬರುವುದಿಲ್ಲ. ಬಾಗಿಲು ನಿಮ್ಮದು. ಇಲ್ಲ ಎಂದಾದರೆ ಸುಮ್ಮನೆ ಯಾಕೆ ಜಾಗ ಹಿಡಿಯಬೇಕು? ಯಾರಿಗಾದರೂ ಕೊಟ್ಟು ಖಾಲಿ ಮಾಡಿ. ಹುಡುಗ ಆಡಲಿ.

ಶ್ರಾವ್ಯ


ಸಾಲಿಗ್ರಾಮ
2 ಅಕ್ಟೋಬರ್ 2024

ನನ್ನ ಮಗಳಿಗೆ,

ನಾನು ಗೋಮತಿ, ನಿನ್ನ ಅಮ್ಮ. ಫೋನಲ್ಲಿ ಹೇಳುವ ಅಂದ್ರೆ ನಿನ್ನ ಸ್ವರ ಕೇಳಿದ ಕೂಡ್ಲೇ ನಂಗೆ ಹೇಳಬೇಕಾದ್ದೆಲ್ಲ ಮರೆತುಹೋಗುತ್ತೆ. ಅದಕ್ಕೆ ಬರೆದೆ. ಅಕ್ಷರ ನೋಡಿ ನಗಬೇಡ, ಮಂಡಿಯ ಹಾಗೆ ಅದೂ ಸೊಟ್ಟ.

ನಿನ್ನ ಕಾಗದ ಬಂದ ದಿನ ಅಪ್ಪಯ್ಯ ಊಟದಲ್ಲಿ ಉಪ್ಪಿಲ್ಲದ ಸಾರು ಉಂಡರು. ಉಪ್ಪು ಹಾಕಲು ಮರೆತದ್ದು ನಾನು. ಅವರು ಹೇಳಲೇ ಇಲ್ಲ.

ಮರುದಿನ ಮಂಚ ತೆಗೀತೆ ಅಂತ ಹೋದರು. ಆ ಕೋಣೆ ಗುಡಿಸುವುದು ಯಾವಾಗಲೂ ಅವರೇ, ನಿನಗೆ ಗೊತ್ತಿಲ್ಲ. ನೀನು ಹೋದ ಮೇಲೆ ನನ್ನ ಕೈಗೆ ಹಿಡಿಸೂಡಿ ಕೊಟ್ಟಿಲ್ಲ. ಗೌರೀಶ ಒಂದು ಬದಿ ಹಿಡಿದ, ಇವರು ಒಂದು ಬದಿ ಹಿಡಿದರು. ಬಾಗಿಲ ತನಕ ತಂದರು. ಅಲ್ಲಿ ನಿಂತು, "ಇದನ್ನ ಎಲ್ಲಿಗೆ ತಕಂಡ್ ಹೋಪುದು?" ಅಂತ ಕೇಳಿದರು. ಗೌರೀಶ ಅಟ್ಟ ಅಂದ. ಅಟ್ಟದಲ್ಲಿ ಗೆದ್ದಲು ಅಂದರು. ಆಚೆಮನೆ ಗಿರಿಜಾ ತನಗೆ ಬೇಕು ಅಂದಿದ್ದಾಳೆ ಅಂತ ನಾನು ಹೇಳಿದೆ. "ಅವಳಿಗೆ ಎಂತಕ್ಕೆ? ಅವಳ ಮಗಳು ಮಲಗಿದ ಮಂಚವಾ ಇದು?" ಅಂತ ನನಗೇ ಜೋರು ಮಾಡಿದರು. ಮತ್ತೆ ಒಳಗೆ ತಕೊಂಡು ಹೋಗಿ ಇದ್ದಲ್ಲೇ ಇಟ್ಟರು. ಇದು ಮೂರು ಸಲ ಆಯ್ತು ಮಗಾ. ಗೌರೀಶ, "ನಂಗೆ ವಿಆರ್ ಬ್ಯಾಡ, ಸೊಂಟ ಒಂದ್ ಉಳಿದ್ರ್ ಸಾಕ್" ಅಂತಿದ್ದ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಅವರು ದಿನಾ ಕೂರುತ್ತಾರೆ. ಬರೆಯುವುದಿಲ್ಲ. ಅವರಿಗೆ ನಿನ್ನ ಮೇಲೆ ಕೋಪ ಇಲ್ಲ. ದೇವಸ್ಥಾನದವರು ಎಂತ ಹೇಳ್ತಾರೋ ಅಂತ ಹೆದರಿಕೆ. ಹೆದರಿದ್ದು ತಿಳಿಯಬಾರದು ಅಂತ ಇನ್ನೊಂದು ಹೆದರಿಕೆ.

ನಾನು ಒಂದು ಮಾತು ಹೇಳಿದ್ದೇನೆ ಅವರಿಗೆ. ಎಂತದು ಅಂತ ಈಗ ಬರೆಯುವುದಿಲ್ಲ. ಅವರು ಕೇಳಿದರೆ ನಿನಗೇ ತಿಳಿಯುತ್ತೆ. ಕೇಳದಿದ್ದರೆ ಕಿವಿ ಇಲ್ಲ ಅಂತ ಬಿಟ್ಟುಬಿಡುವ.

ಎಣ್ಣೆ ಹಚ್ಚಿ ತಲೆ ಮೀಯುತ್ತೀಯಾ? ಕಡಲ ಗಾಳಿಗೆ ಕೂದಲು ಸಿಕ್ಕಾಗುತ್ತೆ.

ನಿನ್ನ ಅಮ್ಮ


ಉಪ್ಪುಂದ
12 ನವೆಂಬರ್ 2024

ಅಪ್ಪಯ್ಯನಿಗೂ ಅಮ್ಮನಿಗೂ ನಮಸ್ಕಾರ.

ಮಂಚ ಬಂತು.

ಗೌರೀಶ ಬರುತ್ತಾನೆ, ಅನೂಪ ಜೋಡಿಸಿಟ್ಟ ಕಂಪ್ಯೂಟರ್ ತೆಗೆದುಕೊಂಡು ಹೋಗುತ್ತಾನೆ ಎಂದಷ್ಟೇ ನಮಗೆ ಗೊತ್ತಿತ್ತು. ಅವನು ಗೂಡ್ಸ್ ರಿಕ್ಷಾದ ಹಿಂದೆ ಮಂಚದ ಮೇಲೆ ಕಾಲು ಚಾಚಿ ಕೂತುಕೊಂಡು ಬಂದು ಇಳಿದ. ಮಂಚದ ಮೇಲೆ ಹೊಸ ಚಾಪೆ. ಚಾಪೆಯ ಮೇಲೆ ತೆಂಗಿನಕಾಯಿ, ವೀಳ್ಯ, ಅರಿಶಿನ, ಕುಂಕುಮ, ಒಂದು ಸೀರೆ. ಅಮ್ಮ, ನೀವು ಹೇಳಿದ ಮಾತು ಯಾವುದು ಎಂದು ತಿಳಿಯಿತು. ಮದುವೆ ಮಾಡಿಕೊಟ್ಟ ಮಗಳಿಗೆ ಕಳಿಸುವ ಹಾಗೆ ಕಳಿಸಿದ್ದೀರಿ.

ಅತ್ತೆ ಹೊರಗೆ ಬಂದು ನೋಡಿದರು. ಮಂಚಕ್ಕೆ ಒಂದು ಸುತ್ತು ಬಂದರು. "ಮಂಚ ಬಂತ್, ವೀಳ್ಯ ಬಂತ್. ತಂದ್ ಕೊಡ್ಬೇಕಾದ ಬೀಗ್ರ್ ಎಲ್ಲಿ?" ಎಂದು ಗೌರೀಶನನ್ನು ಕೇಳಿದರು.

"ಅಪ್ಪಯ್ಯಂಗೆ ಪೂಜೆ ಇತ್ತ್" ಎಂದ ಅವನು.

"ದೇವ್ರಿಗೆ ಮೂರ್ ಹೊತ್ತ್ ಪೂಜೆ. ನಡೂ ಮಧ್ಯ ದೇವ್ರೂ ಒಂಚೂರ್ ಮಲಗ್ತ ಅಲ್ದಾ? ಆಗ ಬಪ್ಪುಕೆ ಆತಿಲ್ಯಾ?" ಎಂದರು. ಗೌರೀಶ ತಲೆ ಕೆರೆದುಕೊಂಡ.

ಆಮೇಲಿನ ಕಥೆ ಕೇಳಿ. ನಮ್ಮ ಮನೆಯ ಬಾಗಿಲು ಸಣ್ಣದು. ಮಂಚ ಉದ್ದಕ್ಕೂ ಹೋಗಲಿಲ್ಲ, ಅಡ್ಡಕ್ಕೂ ಹೋಗಲಿಲ್ಲ. ಕಾಲು ಬಿಚ್ಚಲು ಆಚಾರಿ ಸಿಗುವವರೆಗೆ ನಾಲ್ಕು ದಿನ ಜಗಲಿಯಲ್ಲೇ ಇತ್ತು. ಅತ್ತೆ ಪೇಟೆಯಿಂದ ಬಂದವರೇ ಅದರ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ಕಾಣಿ, ನಮ್ಮ ಬೀಗ್ರ ಮನೆದ್. ಹಲಸಿನ ಮರದ್, ಒಂದ್ ಬಿರುಕಿಲ್ಲೆ" ಎಂದು ತೋರಿಸುತ್ತಿದ್ದರು. ಆಚಾರಿ ಬಂದಾಗ ಅವರಿಗೆ ಬೇಸರವೇ ಆಯಿತು.

ಕಂಪ್ಯೂಟರ್ ಹೇಗೆ ನಡೆಯುತ್ತಿದೆ? ಅನೂಪ ಒಳಗಿನ ತಿರುಪುಗಳಿಗೆಲ್ಲ ತುಕ್ಕು ಹಿಡಿಯದ ಹಾಗೆ ಏನೋ ಹಚ್ಚಿದ್ದಾನೆ. ಕೂಲಿ ತೆಗೆದುಕೊಳ್ಳಲಿಲ್ಲ. ಗೌರೀಶ ಒತ್ತಾಯ ಮಾಡಿದ್ದಕ್ಕೆ, "ಹೋಯಾ, ನಿನ್ ಹತ್ರ ಎಂತ ದುಡ್ಡ್" ಎಂದು ಬೈದು ಕಳಿಸಿದ.

ಈಗ ಆ ಕೋಣೆ ಖಾಲಿ ಕಾಣುತ್ತಿರಬೇಕು.

ಶ್ರಾವ್ಯ


ಸಾಲಿಗ್ರಾಮ
29 ಡಿಸೆಂಬರ್ 2024

ಚಿ. ಸೌ. ಶ್ರಾವ್ಯಳಿಗೆ ಆಶೀರ್ವಾದ.

ಒಂದು ಅನಾಹುತ ಆಗಿದೆ. ಹೆದರಬೇಡ, ಮೈಗೆ ಯಾರಿಗೂ ಏನೂ ಆಗಿಲ್ಲ.

ಕಂಪ್ಯೂಟರ್ ಬಂದಂದಿನಿಂದ ಗೌರೀಶ ರಜೆಯಲ್ಲಿ ಮನೆಯಲ್ಲೇ ಇರುತ್ತಾನೆ. ನೀನು ಹೇಳಿದ ಹಾಗೆ ಮೊದಲ ವಾರ ಎರಡು ಸಲ ಬಾವಿಕಟ್ಟೆಗೆ ಓಡಿದ. ಈಗ ಸರಿಯಾಗಿದ್ದಾನೆ. ನನ್ನನ್ನೂ ಒಮ್ಮೆ ನೋಡಿ ಎಂದು ಕಾಡುತ್ತಿದ್ದ. ನಾನು ದಿನಕ್ಕೆ ಮೂರು ಪೂಜೆ ಇರುವವನು, ಕೊಲ್ಲೂರು ಬಿಟ್ಟರೆ ಆಚೆ ಕಂಡವನಲ್ಲ. ಹಿಮದ ಬೆಟ್ಟದ ಮೇಲೆ ಒಂದು ಗುಡಿ ಇದೆ, ಬಾಗಿಲ ಎದುರೇ ನಿಲ್ಲಿಸುತ್ತೇನೆ ಎಂದ. ಆಸೆಯಾಯಿತು. ಮಧ್ಯಾಹ್ನದ ಊಟ ಆದ ಮೇಲೆ ಹಣೆಗೆ ಒಗೆದ ಪಂಚೆಯ ತುಂಡು ಕಟ್ಟಿ, ಅದರ ಮೇಲೆ ಪೆಟ್ಟಿಗೆ ಕಟ್ಟಿಸಿಕೊಂಡೆ.

ಮಗಾ, ಏನು ಹೇಳಲಿ. ಕಾಲ ಕೆಳಗೆ ಹಿಮ. ಎದುರಿಗೆ ಕಲ್ಲಿನ ಗುಡಿ, ಬಾಗಿಲು ತೆರೆದಿದೆ, ಒಳಗೆ ದೀಪ. ಸದ್ದಿಲ್ಲ. ಸದ್ದಿಲ್ಲದ ಲೋಕಕ್ಕೆ ನನಗೆ ಅಭ್ಯಾಸ ಇದೆಯಷ್ಟೆ, ಹಾಗಾಗಿ ಅದು ಸುಳ್ಳು ಎಂದು ಅನಿಸಲೇ ಇಲ್ಲ. ಗುಡಿಯ ಎದುರು ನಿಂತ ಮೇಲೆ ನಾನೇನು ಮಾಡಬೇಕು? ಕೈ ಮುಗಿದೆ. ಸುತ್ತು ಬರಲು ಜಾಗವಿಲ್ಲದ ಕಡೆ ನಾವು ಆತ್ಮಪ್ರದಕ್ಷಿಣೆ ಮಾಡುತ್ತೇವಲ್ಲ, ನಿಂತಲ್ಲೇ ಬಲಕ್ಕೆ ತಿರುಗುವುದು. ಎರಡು ಮೀಟರ್ ಮಾತ್ರ ಜಾಗ ಎಂದು ನೀನು ಬರೆದದ್ದು ನೆನಪಿತ್ತು. ನಿಂತಲ್ಲೇ ಮೂರು ಸುತ್ತು ತಿರುಗಿದೆ. ತಲೆಯ ಹಿಂದಿನಿಂದ ಕೇಬಲ್ ಇದೆ ಎಂಬುದು ನೆನಪಿರಲಿಲ್ಲ. ಅದು ಹೊಟ್ಟೆಗೆ ಮೂರು ಸುತ್ತು ಬಿಗಿದುಕೊಂಡಿತು. ಗೌರೀಶ ಕೂಗಿಕೊಂಡನಂತೆ. ಯಾರಿಗೆ ಕೇಳಬೇಕು? ಮೂರು ಸುತ್ತಾದ ಮೇಲೆ ಸಾಷ್ಟಾಂಗ ಬಿದ್ದೆ.

ಕಂಪ್ಯೂಟರೂ ನನ್ನ ಹಿಂದೆಯೇ ಮೇಜಿನಿಂದ ಸಾಷ್ಟಾಂಗ ಬಿತ್ತು. ಧಡಾರ್ ಎಂದಿತಂತೆ. ನನಗೆ ತಿಳಿದದ್ದು ನೆಲ ನಡುಗಿದ್ದು, ದೀಪ ಆರಿದ್ದು.

ಗೌರೀಶ ಪೆಟ್ಟಿಗೆ ಬಿಚ್ಚಿ, ಕೇಬಲ್ ಬಿಡಿಸಿ, ಪೆಟ್ಟಾಯಿತಾ ಎಂದು ಕೈಯಲ್ಲಿ ಕೇಳಿದ. ಇಲ್ಲ ಎಂದೆ. ಆಮೇಲೆ ಅಡಿಗೆ ಮನೆಗೆ ಹೋಗಿ ಅಮ್ಮನ ಹತ್ತಿರ ಕೂತ. ನಗುತ್ತಿದ್ದನೋ ಅಳುತ್ತಿದ್ದನೋ ಬೆನ್ನು ನೋಡಿ ತಿಳಿಯಲಿಲ್ಲ.

ಈಗ ಅದು ಹೊತ್ತಿಕೊಳ್ಳುವುದಿಲ್ಲ. ಕೇಬಲಿನ ತುದಿಯೂ ಮುರಿದಿದೆ. ಕುಂದಾಪುರದ ಅಂಗಡಿಯವನು ತಾನು ಜೋಡಿಸದೇ ಇದ್ದುದನ್ನು ಮುಟ್ಟುವುದಿಲ್ಲ ಎಂದ. ಗೌರೀಶನಿಗೆ ಪರೀಕ್ಷೆ. ನಿನ್ನ ಮನೆಯವರು ಇದನ್ನು ಸರಿ ಮಾಡಿಯಾರೇ? ಯಾವ ರೀತಿ ಕಳಿಸುವುದು ಎಂದು ತಿಳಿಸು.

ನಿನ್ನ ಅಪ್ಪಯ್ಯ


ಉಪ್ಪುಂದ
6 ಜನವರಿ 2025

ಅಪ್ಪಯ್ಯ,

ಕಾಗದ ಓದಿ ಅನೂಪ ಅಂಗಡಿಯ ಶಟರ್ ಅರ್ಧ ಎಳೆದು ನಕ್ಕ. ಗಿರಾಕಿಗಳ ಎದುರು ನಗಲು ಆಗುವುದಿಲ್ಲವಂತೆ. ಆಮೇಲೆ, "ಅವ್ರಿಗೆ ನೋವಾಯ್ಲಿಲ್ಲ್ಯಲಾ? ಮತ್ತೊಂದ್ ಸಲ ಓದ್" ಎಂದ.

ನನಗೆ ನಗು ಬರಲಿಲ್ಲ. ನೀವು ಹಿಮದಲ್ಲಿ ಒಬ್ಬರೇ ನಿಂತದ್ದನ್ನೇ ನೆನೆಯುತ್ತಿದ್ದೆ.

ಯಾವ ರೀತಿ ಕಳಿಸುವುದು ಎಂದು ಕೇಳಿದ್ದೀರಿ. ಕಳಿಸಬೇಡಿ, ನೀವೇ ತನ್ನಿ. ಗೌರೀಶನ ಕೈಯಲ್ಲಿ ಬೇಡ, ಬಸ್ಸಿನ ಪಾರ್ಸೆಲ್ ಬೇಡ. ಮಂಚ ಕಳಿಸಿದಿರಿ, ಸೀರೆ ಕಳಿಸಿದಿರಿ, ಇಟ್ಟುಕೊಂಡೆ. ಎರಡು ವರ್ಷದಿಂದ ಈ ಮನೆಗೆ ನನ್ನ ಕಡೆಯಿಂದ ಎಂದು ಸಾಮಾನು ಮಾತ್ರ ಬಂದಿದೆ. ನನಗೆ ಇನ್ನು ಸಾಮಾನು ಬೇಡ.

ಮಧ್ಯಾಹ್ನದ ಪೂಜೆಗೂ ಸಂಜೆಯ ದೀಪಕ್ಕೂ ನಡುವೆ ಹೊತ್ತಿದೆ. ನಾನು ಆ ಮನೆಯಲ್ಲೇ ಬೆಳೆದವಳು, ನನಗೆ ಗೊತ್ತು. ನೀವು ಇಲ್ಲಿ ಏನು ತಿನ್ನಬಹುದು, ಏನು ತಿನ್ನಬಾರದು ಎಂಬುದೂ ಗೊತ್ತು. ಅತ್ತೆ ಆಗಲೇ ಎಳನೀರಿಗೆ ಹೇಳಿ ಇಟ್ಟಿದ್ದಾರೆ, ಕೊಯ್ದು ಕೊಡುವುದು ನಿಮ್ಮ ಕಣ್ಣೆದುರೇ ಅಂತೆ. ಬರುವುದಿಲ್ಲ ಎಂದಾದರೆ ಅದನ್ನು ಬರೆಯಬೇಡಿ. ಓದಲು ನನ್ನಿಂದ ಆಗುವುದಿಲ್ಲ. ಸುಮ್ಮನಿದ್ದುಬಿಡಿ, ತಿಳಿದುಕೊಳ್ಳುತ್ತೇನೆ.

ನಿಮ್ಮ ಮಗಳು
ಶ್ರಾವ್ಯ


ಸಾಲಿಗ್ರಾಮ
27 ಜನವರಿ 2025

ಚಿ. ಅನೂಪನಿಗೆ, ಶಾಮರಾಯ ಮಾಡುವ ಆಶೀರ್ವಾದ.

ನಿನಗೆ ಕಾಗದ ಬರೆಯುವುದು ಇದು ಮೊದಲು. ಮೊನ್ನೆ ಎದುರಿಗೆ ಕೂತಾಗ ಹೇಳಬೇಕಾದ್ದನ್ನು ಹೇಳಲಿಲ್ಲ. ನನ್ನ ಕಿವಿ ಹೋಗಿದೆ, ನಾಲಿಗೆ ಹೋದದ್ದು ಮಾತ್ರ ಅಂದೇ ತಿಳಿಯಿತು.

ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ. ಕಂಡಕ್ಟರ್ ಒಂದು ಟಿಕೆಟ್ ಅದಕ್ಕೂ ಹರಿದ. ಉಪ್ಪುಂದದಲ್ಲಿ ಇಳಿದವನು ಅಲ್ಲೇ ನಿಂತುಬಿಟ್ಟೆ. ಭಾರಕ್ಕೆ ಎಂದುಕೊಂಡೆ. ನೀನು ಓಡಿ ಬಂದು ಪೆಟ್ಟಿಗೆ ತೆಗೆದುಕೊಂಡೆ. ಆಮೇಲೂ ಹೆಜ್ಜೆ ಏಳಲಿಲ್ಲ. ಮಗಳು ಬಾಗಿಲಲ್ಲಿ ನಿಂತಿದ್ದಳು. ಇಳಿದು ಬರಲಿಲ್ಲ, ಅಲ್ಲೇ ಕಂಬ ಹಿಡಿದುಕೊಂಡು ನಿಂತಿದ್ದಳು. ಅದನ್ನು ನೋಡಿ ನನಗೆ ನಡೆಯಲು ಬಂತು.

ನಿನ್ನ ಅಮ್ಮ ನನ್ನ ಎದುರೇ ಎಳನೀರು ಕೆತ್ತಿಸಿದರು. ಅವರ ಮಾತು ಒಂದೂ ಕೇಳಲಿಲ್ಲ, ಆದರೆ ಅವರು ನನಗೆ ಬೈದರು ಎಂದು ಚೆನ್ನಾಗಿ ತಿಳಿಯಿತು. ಬೈದು ಮುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಇನ್ನೊಂದು ಎಳನೀರು ಕೊಟ್ಟರು. ಎರಡನ್ನೂ ಕುಡಿದೆ ಎಂದು ಅವರಿಗೆ ನೆನಪಿಸು. ಮಂಚವನ್ನೂ ತೋರಿಸಿದರು. ಕಿಟಕಿಯ ಬದಿಗೆ ಹಾಕಿದ್ದೀರಿ. ಒಳ್ಳೆಯ ಗಾಳಿ.

ನೀನು ಪೆಟ್ಟಿಗೆ ಬಿಚ್ಚಿ, ಸಡಿಲವಾದ ಕಾರ್ಡನ್ನು ಒತ್ತಿ, ಮುರಿದ ಕೇಬಲಿನ ತುದಿ ಬದಲಿಸಿ, ಮತ್ತೆ ದೀಪ ಹೊತ್ತಿಸಿದೆ. ನಾನು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ನೀನು ಒಂದು ಚೀಟಿ ಬರೆದು ತೋರಿಸಿದೆ: 'ಕೇಬಲ್ ನೆಲದಲ್ಲಿ ಬಿಟ್ಟರೆ ನೀವು ಮತ್ತೆ ಸುತ್ತಿಕೊಳ್ಳುತ್ತೀರಿ. ಎಡಕ್ಕೆ ಮೂರು ಸುತ್ತು ತಿರುಗಿ ಬಿಡಿಸಿಕೊಳ್ಳಿ ಎನ್ನಲು ನನಗೆ ಧೈರ್ಯವಿಲ್ಲ.' ಸರಿಯಾಗಿಯೇ ತಿಳಿದಿದ್ದೀ. ಎಡಕ್ಕೆ ಪ್ರದಕ್ಷಿಣೆ ಈ ಜನ್ಮದಲ್ಲಿ ನನ್ನಿಂದ ಆಗುವುದಿಲ್ಲ. ಆಮೇಲೆ ಇನ್ನೊಂದು ಚೀಟಿ: 'ಕೋಣೆಯ ಜಂತಿಯಲ್ಲಿ ಕೊಂಡಿ ಇದೆಯೇ? ಬಲೆ ಎಳೆಯುವ ಸಣ್ಣ ರಾಟೆ ನಮ್ಮಲ್ಲಿದೆ. ಮೇಲಿನಿಂದ ಕೇಬಲ್ ಇಳಿಬಿಟ್ಟು, ತಿರುಗಿದ ಹಾಗೆ ತಿರುಗುವಂತೆ ಮಾಡಬಹುದು.'

ಆಗ ನಾನು ಬಸ್ಸಿಗೆ ಹೊತ್ತಾಯಿತು ಎಂದು ಕಂಪ್ಯೂಟರನ್ನು ಅಲ್ಲೇ ಬಿಟ್ಟು ಎದ್ದೆ. ರಾಟೆ ಕಟ್ಟಲು ಯಾರಾದರೂ ನನ್ನ ಮನೆಗೆ ಬರಬೇಕಾಗುತ್ತದೆ. ಅದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನೀನು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡೆ.

ಸಂಜೆ ದೀಪಕ್ಕೆ ಸರಿಯಾಗಿ ತಲುಪಿದೆ. ದೇವಸ್ಥಾನದ ಮೊಕ್ತೇಸರ ಅಣ್ಣಯ್ಯನವರು ಮೆಟ್ಟಿಲಲ್ಲೇ ಇದ್ದರು. "ಭಟ್ರೆ, ಎಲ್ಲಿಗ್ ಹೋಯಿದ್ರಿ?" ಎಂದು ತುಟಿ ಆಡಿತು. ಬ್ರಹ್ಮಾವರಕ್ಕೆ, ಕಿವಿ ತೋರಿಸಲು, ಎನ್ನಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಬೇಕೆಂದು ಬಂದಿದ್ದೆ.

"ಮಗಳ ಮನೆಗೆ" ಎಂದೆ. ಕಿವುಡನ ಸ್ವರ, ಎಷ್ಟು ದೊಡ್ಡದಾಗಿ ಬಂತೋ ಗೊತ್ತಿಲ್ಲ. ಒಳಗಿದ್ದವರೂ ತಿರುಗಿ ನೋಡಿದರು. ಅಣ್ಣಯ್ಯನವರು ದೀಪದ ಕಡೆ ಕೈ ತೋರಿಸಿ, "ಎಣ್ಣೆ ಹಾಕಿ, ದೀಪ ಸಣ್ಣ ಆಯ್ತ್" ಎಂದರು. ನಾಳೆ ಏನೆನ್ನುತ್ತಾರೋ ನೋಡೋಣ. ಹಾಕಿದ ದೀಪ ಚೆನ್ನಾಗಿ ಉರಿಯಿತು.

ಈಗ ನಿನ್ನ ಚೀಟಿಗೆ ಉತ್ತರ. ಜಂತಿಯಲ್ಲಿ ಕಬ್ಬಿಣದ ಕೊಂಡಿ ಇದೆ. ಶ್ರಾವ್ಯಳಿಗೆ ತೊಟ್ಟಿಲು ಕಟ್ಟಲು ನಾನೇ ಹೊಡೆಸಿದ್ದು. ಗಟ್ಟಿಯಿದೆ. ರಾಟೆ, ಹಗ್ಗ, ಕಂಪ್ಯೂಟರ್ ಎಲ್ಲವನ್ನೂ ಹಿಡಿದುಕೊಂಡು ಇಬ್ಬರೂ ಬನ್ನಿ. ಬರುವ ಭಾನುವಾರ ಆದೀತು. ನಿನ್ನ ಅಮ್ಮನೂ ಬಂದರೆ ಗೋಮತಿಗೆ ನನ್ನನ್ನು ಬೈಯಲು ಜೊತೆಯಾದೀತು. ಊಟಕ್ಕೆ ನಮ್ಮಲ್ಲಿ ಮೀನಿಲ್ಲ. ಅದನ್ನು ಮೊದಲೇ ಹೇಳಿಬಿಡು ಎಂದು ಗೌರೀಶ ಹೇಳುತ್ತಿದ್ದಾನೆ. ಹುಳಿಯಲ್ಲಿ ಉಪ್ಪು ಇರುವಂತೆ ನಾನು ನೋಡಿಕೊಳ್ಳುತ್ತೇನೆ.

ರಾಟೆ ಕಟ್ಟುವಷ್ಟರಲ್ಲಿ ಕತ್ತಲಾಗುತ್ತದೆ. ಅಂದೇ ಹೊರಡುವ ಮಾತು ಬೇಡ. ಕೋಣೆಯಲ್ಲಿ ಈಗ ಮಂಚ ಇಲ್ಲ, ಆದ್ದರಿಂದ ಎಲ್ಲರೂ ಚಾವಡಿಯಲ್ಲಿ ಸಾಲಾಗಿ ಚಾಪೆ ಹಾಸಿಕೊಳ್ಳುವುದು. ಹೆಂಗಸರು ಆ ಬದಿ. ಈ ಬದಿಯಲ್ಲಿ ಗೌರೀಶ, ನಾನು, ನನ್ನ ಪಕ್ಕ ನೀನು. ನಾನು ಭಾರೀ ಗೊರಕೆ ಹೊಡೆಯುತ್ತೇನಂತೆ. "ಆ ಹುಡುಗ ಬೆಳಿಗ್ಗೆ ತನಕ ಉಳಿತಿಲ್ಲ, ಓಡಿ ಹೋತ" ಎಂದು ಗೋಮತಿ ಹೇಳುತ್ತಾಳೆ.

ಓಡಬೇಡ. ಅಲುಗಾಡಿಸಿ ಎಬ್ಬಿಸು.

ನಿನ್ನ ಮಾವ
ಶಾಮರಾಯ